ದೊಡ್ಡ ರೋಸ್ಟ್ ಬೇಯಲು ಅಷ್ಟು ಹೊತ್ತೇಕೆ?

ಒಂದು ಸರಳ ಲೆಕ್ಕದಿಂದ ಪ್ರಾರಂಭಿಸೋಣ. ನಾಲ್ಕು ಕಿಲೋಗ್ರಾಂ ತೂಕದ ಒಂದೇ ತುಂಡು ಮಾಂಸವಿದೆ. ಅದರ ಉಷ್ಣತೆ 10° ಸೆ. ಇದನ್ನು 90° ಸೆ.ಗೆ ಏರಿಸಬೇಕು. ಮಾಂಸದ ಹೆಚ್ಚಿನ ಭಾಗ ನೀರೇ ಆದ್ದರಿಂದ ಅದರ ವಿಶಿಷ್ಟೋಷ್ಣ ನೀರಿನದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೆ. ಒಂದು ಕಿಲೋಗ್ರಾಂ ಮಾಂಸದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 3.4 ಕಿಲೋಜೂಲ್ ಬೇಕು. ಆದ್ದರಿಂದ ಒಟ್ಟು ಬೇಕಾಗುವ ಉಷ್ಣ 4 × 3.4 × 80, ಅಂದರೆ 1,088 ಕಿಲೋಜೂಲ್. ಒಂದು ಕಿಲೋಗ್ರಾಂ ಒಳ್ಳೆಯ ಇದ್ದಿಲು ಪೂರ್ತಿಯಾಗಿ ಉರಿದಾಗ ಸುಮಾರು 29,000 ಕಿಲೋಜೂಲ್ ಉಷ್ಣ ಬಿಡುಗಡೆಯಾಗುತ್ತದೆ. ಭಾಗಿಸಿ ನೋಡಿ. ಕೇವಲ 38 ಗ್ರಾಂ ಇದ್ದಿಲು ಸಾಕು! ಅಂಗೈಯಲ್ಲಿ ಹಿಡಿಯುವಷ್ಟು.

ಆದರೆ ಇಂಥ ತುಂಡನ್ನು ಇದ್ದಿಲಿನ ಒಲೆಯಲ್ಲಿ ಹೊಗೆಯೂಡಿಸಿ ಬೇಯಿಸುವವರನ್ನು ಕೇಳಿ. ಒಂದು ಕಿಲೋಗ್ರಾಮಿಗಿಂತ ಹೆಚ್ಚು ಇದ್ದಿಲು ಬೇಕು, ಎಂಟರಿಂದ ಹತ್ತು ಗಂಟೆ ಬೇಕು ಎನ್ನುತ್ತಾರೆ. ಅವರು ಹೇಳುವುದು ಸರಿ. ನಮ್ಮ ಲೆಕ್ಕದಲ್ಲಿಯೂ ತಪ್ಪಿಲ್ಲ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಉಷ್ಣ ಎಷ್ಟು ಬೇಕು ಎಂಬುದು ಒಂದು ಪ್ರಶ್ನೆ; ಅದು ಎಷ್ಟು ಬೇಗ ಒಳಗೆ ಹೋಗಬಲ್ಲದು ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಕೋಲಾರದ ಚಿನ್ನದ ಗಣಿಯ ಮೂರು ಕಿಲೋಮೀಟರ್ ಆಳದವರೆಗೂ ಹೋಗಬೇಕಾಗುತ್ತದೆ.

ಗಣಿ ಊರಿನ ರೋಸ್ಟ್

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಕೆಲಸ ವಹಿಸಿಕೊಂಡಿತು. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಮೊದಲಾದ ಗಣಿಗಳ ಸುತ್ತ ಹೊಸ ಊರುಗಳು ಹುಟ್ಟಿದವು. ಆಗ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಬಂಗಾರಪೇಟೆಯಿಂದ ಗಣಿಗೆ 1894ರಲ್ಲಿ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳ ಜೊತೆಗೆ ಅವರ ಅಡುಗೆಯೂ ಬಂತು. ಕ್ರಿಸ್‌ಮಸ್‌ನ ರೋಸ್ಟ್, ಉಪ್ಪಿನಲ್ಲಿ ಹದಗೊಳಿಸಿದ ಸಾಲ್ಟ್ ಬೀಫ್, ಮೆಣಸು ಹಾಕಿದ ಪೆಪ್ಪರ್ ವಾಟರ್ ಇವೆಲ್ಲ ಕೆ.ಜಿ.ಎಫ್.ನ ಊಟದ ಭಾಗವಾದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಡುಗೆ ಮಾತ್ರ ಆ ಕುಟುಂಬಗಳೊಂದಿಗೆ ಬೆಂಗಳೂರಿಗೂ ಆಸ್ಟ್ರೇಲಿಯಕ್ಕೂ ಹೋಯಿತು.

ಇಂದು ಕರ್ನಾಟಕದಲ್ಲಿ ಈ ಅಡುಗೆಗೆ ಸಿಗುವ ಮಾಂಸ ಎಂಥದು ಎಂಬುದು ನಮ್ಮ ಲೆಕ್ಕಕ್ಕೆ ಮುಖ್ಯ. 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ, 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಮಾತ್ರ, ಅದೂ ಪ್ರಮಾಣಪತ್ರ ಪಡೆದ ನಂತರ, ಮಾಂಸಕ್ಕೆ ಬಳಸಬಹುದು. ಪ್ರಾಣಿಗೆ ವಯಸ್ಸಾದಂತೆ ಅದರ ಸ್ನಾಯುಗಳನ್ನು ಕಟ್ಟಿಹಿಡಿದಿರುವ ಕೊಲ್ಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಅಡ್ಡಬಂಧಗಳು ಹೆಚ್ಚುತ್ತವೆ. ಎಳೆಯ ಪ್ರಾಣಿಯ ಮಾಂಸ 60° ಸೆ.ಗೆ ಹದವಾಗಬಹುದು. ವಯಸ್ಸಾದ ಕೋಣದ ತೊಡೆಯೋ ಎದೆಯೋ ಹಾಗಲ್ಲ. ಅದರ ಕೊಲ್ಲಾಜೆನ್ ಕರಗಿ ಮೃದುವಾದ ಜೆಲಟಿನ್ ಆಗಬೇಕಾದರೆ ತುಂಡಿನ ನಡುಭಾಗವೂ 90° ಸೆ.ನ ಆಸುಪಾಸಿಗೆ ಬರಬೇಕು, ಬಂದು ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲಬೇಕು. ಉಷ್ಣತೆಯಷ್ಟೇ ಸಾಲದು, ಕಾಲವೂ ಬೇಕು.

ವರ್ಗದ ನಿಯಮ

ಮಾಂಸ ಉಷ್ಣದ ಒಳ್ಳೆಯ ವಾಹಕವಲ್ಲ. ತಾಮ್ರದ ಉಷ್ಣವಾಹಕತೆ ಸುಮಾರು 400 ಏಕಮಾನಗಳಾದರೆ ಮಾಂಸದ್ದು ಅರ್ಧ ಏಕಮಾನ ಮಾತ್ರ. ಉಷ್ಣದ ಅಲೆ ಒಂದು ವಸ್ತುವಿನೊಳಗೆ ಎಷ್ಟು ಬೇಗ ಹರಡುತ್ತದೆ ಎಂಬುದನ್ನು ತಿಳಿಯಲು ವಾಹಕತೆಯನ್ನು ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳ ಗುಣಲಬ್ಧದಿಂದ ಭಾಗಿಸಬೇಕು. ಹೀಗೆ ದೊರೆಯುವ ಸಂಖ್ಯೆಗೆ ಉಷ್ಣ ವಿಸರಣಾಂಕ ಎಂದು ಹೆಸರು. ಮಾಂಸದ ಉಷ್ಣ ವಿಸರಣಾಂಕ ಸೆಕೆಂಡಿಗೆ ಸುಮಾರು 0.14 ಚದರ ಮಿಲಿಮೀಟರ್.

ಚದರ ಮಿಲಿಮೀಟರ್ ಎಂಬ ಏಕಮಾನವನ್ನು ಗಮನಿಸಿ. ಅದರಲ್ಲಿಯೇ ಗುಟ್ಟಿದೆ. ಉಷ್ಣ ಒಳಗೆ ಸಾಗುವ ಕಾಲವು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ:

ಕಾಲ = (ಮೇಲ್ಮೈಯಿಂದ ನಡುವಿಗೆ ಇರುವ ದೂರ)² ÷ ವಿಸರಣಾಂಕ

ಎರಡೂವರೆ ಸೆಂಟಿಮೀಟರ್ ದಪ್ಪದ ಹೋಳಿನಲ್ಲಿ ಮೇಲ್ಮೈಯಿಂದ ನಡುವಿಗೆ 12.5 ಮಿ.ಮೀ. ವರ್ಗ ಮಾಡಿ ಭಾಗಿಸಿದರೆ ಸುಮಾರು 1,100 ಸೆಕೆಂಡು, ಅಂದರೆ 19 ನಿಮಿಷ. ಹನ್ನೆರಡು ಸೆಂಟಿಮೀಟರ್ ದಪ್ಪದ ರೋಸ್ಟಿನಲ್ಲಿ ಈ ದೂರ 60 ಮಿ.ಮೀ. ಈಗ ಕಾಲ ಸುಮಾರು 25,700 ಸೆಕೆಂಡು, ಅಂದರೆ ಏಳು ಗಂಟೆಗೂ ಹೆಚ್ಚು! ದಪ್ಪ ಹೆಚ್ಚುಕಡಿಮೆ ಐದು ಪಟ್ಟಾದರೆ ಕಾಲ 23 ಪಟ್ಟಾಯಿತು. ಇವು ಗಡಿಯಾರ ನೋಡಿ ಬೇಯಿಸಬೇಕಾದ ಕಾಲಗಳಲ್ಲ, ಹೋಲಿಕೆಗೆ ಬೇಕಾದ ಅಳತೆಗೋಲುಗಳು. ತುಂಡಿನ ಆಕಾರಕ್ಕೆ ತಕ್ಕಂತೆ ನಿಜವಾದ ಕಾಲ ಬದಲಾಗುತ್ತದೆ. ಆದರೆ ವರ್ಗದ ನಿಯಮ ಬದಲಾಗುವುದಿಲ್ಲ. ‘ಒಂದು ಕಿಲೋಗೆ ಇಷ್ಟು ನಿಮಿಷ’ ಎಂದು ಅಡುಗೆ ಪುಸ್ತಕಗಳು ಕೊಡುವ ಸೂತ್ರ ಎಲ್ಲ ಗಾತ್ರಗಳಿಗೂ ಏಕೆ ಹೊಂದುವುದಿಲ್ಲ ಎಂಬುದು ಈಗ ನಿಮಗೆ ಅರ್ಥವಾಗಿರಬೇಕು.

ಇದೇ ಸೂತ್ರವನ್ನು ತಿರುಗಿಸಿ ಓದಿ. ಒಂದು ನಿಮಿಷದಲ್ಲಿ ಉಷ್ಣ ಮಾಂಸದೊಳಗೆ ಎಷ್ಟು ದೂರ ಹೋಗುತ್ತದೆ? 60 ಸೆಕೆಂಡನ್ನು 0.14ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 3 ಮಿ.ಮೀ. ನಾಲ್ಕು ನಿಮಿಷದಲ್ಲಿ 6 ಮಿ.ಮೀ. ಬೆಂಕಿ ಎಷ್ಟೇ ಪ್ರಖರವಾಗಿರಲಿ, ನಾಲ್ಕು ನಿಮಿಷದಲ್ಲಿ ಅದರ ಪ್ರಭಾವ ಬೆರಳಿನ ಅರ್ಧ ದಪ್ಪಕ್ಕಿಂತ ಹೆಚ್ಚು ಆಳಕ್ಕೆ ಹೋಗದು. ಉರಿ ಹೆಚ್ಚಿಸಿದರೆ ಹೊರಗೆ ಇದ್ದಿಲಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಆದ್ದರಿಂದ ದೊಡ್ಡ ತುಂಡಿಗೆ ಎರಡು ಬೇರೆ ಬೇರೆ ಒಲೆಗಳು ಬೇಕು. ಒಳಭಾಗಕ್ಕೆ ಮಂದವಾದ, ದೀರ್ಘವಾದ ಉಷ್ಣ. ಹೊರಮೈಗೆ ಪ್ರಖರವಾದ, ಕ್ಷಣಿಕವಾದ ಉಷ್ಣ. ಒಂದೇ ಇದ್ದಿಲಿನ ಒಲೆ ಈ ಎರಡು ಕೆಲಸವನ್ನೂ ಮಾಡಬಲ್ಲದು.

ಗಾಳಿಯ ಕಿಂಡಿಯೇ ಒಲೆಯ ಕೀಲಿ

ಮುಚ್ಚಳವಿರುವ ಒಂದು ಒಲೆಯನ್ನು ಕಲ್ಪಿಸಿಕೊಳ್ಳಿ. ಕೆಳಗೆ ಗಾಳಿ ಬರಲು ಒಂದು ಕಿಂಡಿ, ಮೇಲೆ ಹೊಗೆ ಹೋಗಲು ಇನ್ನೊಂದು. ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿ ಮಾಂಸವನ್ನು ಇನ್ನೊಂದು ಬದಿಯಲ್ಲಿಡುತ್ತಾರೆ. ಕೆಂಡದ ನೇರ ದೃಷ್ಟಿ ಮಾಂಸದ ಮೇಲೆ ಬೀಳದಂತೆ ನಡುವೆ ನೀರಿನ ತಟ್ಟೆ ಇಡುವುದೂ ಉಂಟು.

ಒಂದು ಕಿಲೋಗ್ರಾಂ ಇದ್ದಿಲು ಪೂರ್ತಿ ಉರಿಯಲು, ಕೆ.ಜಿ.ಎಫ್.ನ ಎತ್ತರದಲ್ಲಿ, ಸುಮಾರು 11 ಘನ ಮೀಟರ್ ಗಾಳಿ ಬೇಕು. ಅಂದರೆ ಉರಿಯ ವೇಗವನ್ನು ನಿರ್ಧರಿಸುವುದು ಇದ್ದಿಲಿನ ರಾಶಿಯಲ್ಲ, ಕಿಂಡಿ. ಒಂದು ಕಿಲೋವ್ಯಾಟ್ ಉಷ್ಣ ಬೇಕಾದರೆ ಗಂಟೆಗೆ ಸುಮಾರು 125 ಗ್ರಾಂ ಇದ್ದಿಲು ಉರಿಯಬೇಕು. ಅದಕ್ಕೆ ಸೆಕೆಂಡಿಗೆ ಒಂದು ಲೀಟರಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಗಾಳಿ ಸಾಕು. ಕಿಂಡಿಯನ್ನು ಬೆರಳಗಲ ತೆರೆದಿಟ್ಟು ಒಲೆಯೊಳಗಿನ ಗಾಳಿಯನ್ನು 110° ಸೆ.ನಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು ಹೀಗೆ ಸಾಧ್ಯ.

ಒಂದು ಎಚ್ಚರಿಕೆ. ಒಲೆಗೆ ಸತು ಲೇಪಿಸಿದ ತಗಡು ಬಳಸಬಾರದು. ಬಿಸಿಯಾದಾಗ ಸತುವಿನ ಹೊಗೆ ಬರುತ್ತದೆ. ಬಣ್ಣ ಬಳಿದ ಹಲಗೆ, ಹಳೆಯ ರೈಲ್ವೆ ಸ್ಲೀಪರಿನ ತುಂಡು ಇವನ್ನು ಹೊಗೆಗಾಗಿ ಹಾಕಲೇಬಾರದು. ಸ್ಲೀಪರಿಗೆ ಹಚ್ಚಿರುವ ಕ್ರಿಯೋಸೋಟ್ ವಿಷ.

ನೀಲಿ ಹೊಗೆ, ಬಿಳಿ ಹೊಗೆ

ಕೆಂಡದ ಮೇಲೆ ಮಾವಿನದೋ ಹುಣಸೆಯದೋ ಒಣ ಕಟ್ಟಿಗೆಯ ಚೂರು ಇಟ್ಟಾಗ ಅದರಲ್ಲಿನ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಪರಿಮಳದ್ರವ್ಯಗಳು ಹುಟ್ಟುತ್ತವೆ. ಹೊಗೆಯ ವಾಸನೆ ಎಂದು ನಾವು ಗುರುತಿಸುವುದು ಇವನ್ನೇ.

ಹೊಗೆಯ ಬಣ್ಣವನ್ನು ನೋಡಿ ಅದರ ಗುಣ ಹೇಳಬಹುದು. ಕಣಗಳು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕವಾಗಿದ್ದರೆ ಅವು ನೀಲಿ ಬೆಳಕನ್ನು ಹೆಚ್ಚು ಚದರಿಸುತ್ತವೆ. ಆಕಾಶ ನೀಲಿಯಾಗಿರುವುದಕ್ಕೂ ಇದೇ ಬಗೆಯ ಕಾರಣ. ಕಣಗಳು ದೊಡ್ಡವಾದರೆ ಎಲ್ಲ ಬಣ್ಣಗಳೂ ಸಮನಾಗಿ ಚದರಿ ಹೊಗೆ ಬೆಳ್ಳಗೆ ಕಾಣುತ್ತದೆ. ತೆಳುವಾದ ನೀಲಿ ಹೊಗೆ ಎಂದರೆ ದಹನ ಚೆನ್ನಾಗಿ ನಡೆದಿದೆ ಎಂದರ್ಥ. ದಟ್ಟವಾದ ಬಿಳಿ ಹೊಗೆ ಎಂದರೆ ಕಟ್ಟಿಗೆ ಹಸಿಯಾಗಿದೆ ಅಥವಾ ಗಾಳಿ ಸಾಲದು. ಅದು ಮಾಂಸಕ್ಕೆ ಕಹಿ ತರುತ್ತದೆ.

ಹೊಗೆಯ ಕಣಗಳು ಮಾಂಸಕ್ಕೆ ಅಂಟುವುದು ಹೇಗೆ? ಬಿಸಿ ಗಾಳಿಯಲ್ಲಿರುವ ಸೂಕ್ಷ್ಮ ಕಣವನ್ನು ಬಿಸಿಯಾದ ಕಡೆಯ ಅಣುಗಳು ಹೆಚ್ಚು ಬಲವಾಗಿ ತಳ್ಳುತ್ತವೆ, ತಣ್ಣನೆಯ ಕಡೆಯವು ಕಡಿಮೆ. ಹಾಗಾಗಿ ಕಣಗಳು ತಣ್ಣನೆಯ ಮೇಲ್ಮೈಯತ್ತ ಸರಿಯುತ್ತವೆ. ಬಿಸಿಯಾದ ವಸ್ತುವಿನ ಸುತ್ತ ಧೂಳಿಲ್ಲದ ಒಂದು ತೆಳು ಪದರ ಇರುವುದನ್ನು 1870ರಲ್ಲಿ ಜಾನ್ ಟಿಂಡಲ್ ಗುರುತಿಸಿದ್ದರ ಹಿಂದೆ ಇರುವುದೂ ಇದೇ ಪರಿಣಾಮ. ತಣ್ಣಗಿರುವ, ಒದ್ದೆಯಾಗಿರುವ ಮಾಂಸ ಹೆಚ್ಚು ಹೊಗೆಯನ್ನು ಹಿಡಿಯುವುದು ಇದರಿಂದಲೇ. ಮೊದಲ ಒಂದೆರಡು ಗಂಟೆಯಲ್ಲಿ ಹೊಗೆ ಕೊಡುವುದೇ ಫಲಕಾರಿ.

ಹೊಗೆಯಲ್ಲಿ ಬೆಂದ ಮಾಂಸವನ್ನು ಕತ್ತರಿಸಿದರೆ ಹೊರಮೈಯ ಕೆಳಗೆ ಒಂದು ಗುಲಾಬಿ ಪಟ್ಟಿ ಕಾಣುತ್ತದೆ. ಅದು ಹಸಿ ಮಾಂಸವಲ್ಲ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅನಿಲಗಳು ಮಾಂಸದ ಮಯೋಗ್ಲೋಬಿನ್‌ಗೆ ಗಟ್ಟಿಯಾಗಿ ಅಂಟಿಕೊಂಡು ಅದರ ಕೆಂಪನ್ನು ಉಳಿಸುತ್ತವೆ. ಈ ಅಂಟಿಕೊಳ್ಳುವ ಗುಣವನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಮೊಂಡು ಹಿಡಿಯುವ ಉಷ್ಣತೆ

ಮಾಂಸದ ನಡುವೆ ಉಷ್ಣತಾಮಾಪಕ ಚುಚ್ಚಿ ಗ್ರಾಫ್ ಬರೆದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲು ಉಷ್ಣತೆ ಸಲೀಸಾಗಿ ಏರುತ್ತದೆ. ಸಾಮಾನ್ಯವಾಗಿ 65°ರಿಂದ 75° ಸೆ.ನ ನಡುವೆ ಎಲ್ಲೋ ಒಂದೆಡೆ ನಿಂತುಬಿಡುತ್ತದೆ. ಒಲೆ 110° ಸೆ.ನಲ್ಲೇ ಇದೆ, ಇದ್ದಿಲು ಉರಿಯುತ್ತಲೇ ಇದೆ, ಆದರೂ ಗಂಟೆಗಟ್ಟಲೆ ಗ್ರಾಫ್ ಅಡ್ಡಗೆರೆ! ಹೊಸಬರು ಇಲ್ಲಿ ಗಾಬರಿಯಾಗಿ ಬೆಂಕಿ ಹೆಚ್ಚಿಸುತ್ತಾರೆ.

ಕೊಲ್ಲಾಜೆನ್ ಕರಗಲು ಉಷ್ಣ ಖರ್ಚಾಗುವುದೇ ಇದಕ್ಕೆ ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. ಅಮೆರಿಕದ ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಇದನ್ನು ಸರಳವಾಗಿ ಪರೀಕ್ಷಿಸಿದರು. ಒಲೆಯಲ್ಲಿ ಮಾಂಸದ ಬದಲು ನೀರಲ್ಲಿ ನೆನೆಸಿದ ಸ್ಪಂಜನ್ನೂ ಕೊಬ್ಬಿನ ಗಟ್ಟಿಯನ್ನೂ ಇಟ್ಟರು. ಕೊಬ್ಬಿನ ಉಷ್ಣತೆ ತಡೆಯಿಲ್ಲದೆ ಏರಿತು. ಸ್ಪಂಜು ಮಾಂಸದಂತೆಯೇ ಮೊಂಡು ಹಿಡಿಯಿತು. ಸ್ಪಂಜಿನಲ್ಲಿ ಕೊಲ್ಲಾಜೆನ್ ಇಲ್ಲ, ನೀರಿದೆ. ತಡೆಯುತ್ತಿರುವುದು ಆವಿಯಾಗುವ ನೀರು.

ಲೆಕ್ಕ ಹಾಕೋಣ. ಹನ್ನೆರಡು ಸೆಂ.ಮೀ. ವ್ಯಾಸದ ನಾಲ್ಕು ಕಿಲೋ ತುಂಡಿನ ಮೇಲ್ಮೈ ಸುಮಾರು 0.15 ಚದರ ಮೀಟರ್. ಬಿಸಿ ಗಾಳಿ ಮತ್ತು ಒಲೆಯ ಗೋಡೆಯ ವಿಕಿರಣ ಸೇರಿ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 15 ವ್ಯಾಟ್ ಕೊಡುತ್ತವೆ ಎಂದುಕೊಳ್ಳಿ. ಗಾಳಿ 110°, ಮೇಲ್ಮೈ 68°. ವ್ಯತ್ಯಾಸ 42°. ಮಾಂಸಕ್ಕೆ ಸಿಗುವುದು 15 × 42 × 0.15, ಹತ್ತಿರ ಹತ್ತಿರ 95 ವ್ಯಾಟ್. ಒಂದು ಹಳೆಯ ಕಾಲದ ಬಲ್ಬಿನಷ್ಟು! ಆ ಉಷ್ಣತೆಯಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು 2,350 ಕಿಲೋಜೂಲ್ ಬೇಕು. ಗಂಟೆಗೆ ಕೇವಲ 145 ಗ್ರಾಂ ನೀರು ಆವಿಯಾದರೆ ಈ 95 ವ್ಯಾಟ್ ಪೂರ್ತಿ ಅದಕ್ಕೇ ಖರ್ಚು. ಒಳಗೆ ಹೋಗಲು ಏನೂ ಉಳಿಯದು.

ರೋಸ್ಟ್ ಮುಗಿಯುವ ಹೊತ್ತಿಗೆ ಸುಮಾರು ಒಂದು ಕಿಲೋ ತೂಕ ಕಳೆದುಕೊಳ್ಳುತ್ತದೆ ಎಂದು ಇಟ್ಟುಕೊಂಡರೆ, ಆವಿಗೆ ಹೋದ ಉಷ್ಣ 2,350 ಕಿಲೋಜೂಲ್. ಬೇಯಲು ಬೇಕಾದದ್ದರ ಎರಡು ಪಟ್ಟಿಗಿಂತಲೂ ಹೆಚ್ಚು. ಎರಡನ್ನೂ ಕೂಡಿಸಿ 95 ವ್ಯಾಟ್‌ನಿಂದ ಭಾಗಿಸಿ: ಹತ್ತು ಗಂಟೆ. ನಮ್ಮ ಒಗಟಿಗೆ ಉತ್ತರ ಸಿಕ್ಕಿತು. ಹತ್ತು ಗಂಟೆ ಒಂದು ಕಿಲೋವ್ಯಾಟ್ ಒಲೆ ಉರಿಸಲು 1,250 ಗ್ರಾಂ ಇದ್ದಿಲು. ಅದರಲ್ಲಿ ಮಾಂಸಕ್ಕೆ ತಲುಪಿದ್ದು 120 ಗ್ರಾಂನಷ್ಟು. ಉಳಿದದ್ದು ಹೊಗೆಯೊಡನೆ ಮತ್ತು ಒಲೆಯ ಮೈಯಿಂದ ಹೊರಗೆ ಹೋಯಿತು.

ಆವಿಯಾಗುವುದನ್ನು ತಡೆದರೆ? ಮಾಂಸವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಒಳಗಿನ ಗಾಳಿ ಆವಿಯಿಂದ ತುಂಬಿ ತಂಪಾಗುವಿಕೆ ನಿಲ್ಲುತ್ತದೆ. ಉಷ್ಣತೆ ಕೂಡಲೇ ಏರತೊಡಗುತ್ತದೆ. ಮುಚ್ಚಿದ ದಪ್ಪ ಪಾತ್ರೆಯಲ್ಲಿ, ಮುಚ್ಚಳದ ಮೇಲೂ ಕೆಂಡ ಹರಡಿ ಮಾಡುವ ಪಾಟ್ ರೋಸ್ಟ್ ಬೇಗ ಮುಗಿಯುವ ಕಾರಣವೂ ಇದೇ. ಆದರೆ ಅದಕ್ಕೆ ಹೊಗೆಯಿಲ್ಲ, ಒಣಗಿದ ಗರಿಗರಿ ಹೊರಪದರವಿಲ್ಲ.

ಮೂರು ಕಿಲೋಮೀಟರ್ ಕೆಳಗೆ

ಮಾಂಸದಲ್ಲಿ ಕಂಡ ಈ ಎರಡು ನಿಯಮಗಳು, ಎಂದರೆ ಉಷ್ಣದ ನಿಧಾನ ಸಂಚಾರ ಮತ್ತು ಆವಿಯಿಂದ ತಂಪಾಗುವಿಕೆ, ಇದೇ ಊರಿನ ನೆಲದಡಿಯಲ್ಲಿ ಜೀವನ್ಮರಣದ ಪ್ರಶ್ನೆಗಳಾಗಿದ್ದವು.

ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತ್ತು. ಅಲ್ಲಿನ ಬಂಡೆಯ ಉಷ್ಣತೆ ಸುಮಾರು 65° ಸೆ.; ನಮ್ಮ ರೋಸ್ಟ್ ಮೊಂಡು ಹಿಡಿಯುವ ಉಷ್ಣತೆಗೆ ಸಮ. ಬಂಡೆಯ ಉಷ್ಣ ವಿಸರಣಾಂಕ ಸೆಕೆಂಡಿಗೆ ಸುಮಾರು ಒಂದು ಚದರ ಮಿಲಿಮೀಟರ್. ಹೊಸದಾಗಿ ಕೊರೆದ ಸುರಂಗಕ್ಕೆ ತಂಪು ಗಾಳಿ ಬಿಟ್ಟರೆ ಒಂದು ದಿನದಲ್ಲಿ ಗೋಡೆಯೊಳಗೆ ತಂಪು ಹೋಗುವುದು 30 ಸೆಂ.ಮೀ. ಮಾತ್ರ. ಇಡೀ ವರ್ಷದಲ್ಲಿ ಐದಾರು ಮೀಟರ್. ಅದರಾಚೆ ಬಿಸಿ ಬಂಡೆಯ ಕೊನೆಯಿಲ್ಲದ ದಾಸ್ತಾನು. ಎಷ್ಟು ಗಾಳಿ ಬೀಸಿದರೂ ಆಳದ ಗಣಿ ಏಕೆ ತಣಿಯುವುದಿಲ್ಲ ಎಂಬುದಕ್ಕೆ ರೋಸ್ಟಿನ ಸೂತ್ರವೇ ಉತ್ತರ. ಸಾಲದ್ದಕ್ಕೆ ಆಳಕ್ಕೆ ಇಳಿಯುವ ಗಾಳಿ ಒತ್ತಡ ಹೆಚ್ಚಿದಂತೆ ತಾನೇ ಬಿಸಿಯಾಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10° ಸೆ. ಆದ್ದರಿಂದಲೇ 1930ರ ದಶಕದಲ್ಲಿ ಗಾಳಿಯನ್ನು ತಂಪಾಗಿಸಿ ಕೆಳಗೆ ಕಳಿಸುವ ಯಂತ್ರಸ್ಥಾವರಗಳನ್ನು ಇಲ್ಲಿ ಹೂಡಬೇಕಾಯಿತು.

ಅಲ್ಲಿ ದುಡಿಯುತ್ತಿದ್ದ ಮನುಷ್ಯನ ದೇಹ 37° ಸೆ.ನಲ್ಲಿರಬೇಕು. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಉಳಿಯುವ ದಾರಿ ಒಂದೇ, ಬೆವರು ಆವಿಯಾಗುವುದು. ಕಷ್ಟದ ಕೆಲಸ ಮಾಡುವ ದೇಹ ನೂರಾರು ವ್ಯಾಟ್ ಉಷ್ಣವನ್ನು ಹೊರಹಾಕಬೇಕು. ಗಾಳಿ ಒಣಗಿದ್ದು ಬೀಸುತ್ತಿದ್ದರೆ ಬೆವರು ಆ ಕೆಲಸ ಮಾಡುತ್ತದೆ. ಧೂಳು ಅಡಗಿಸಲು ನೀರು ಚಿಮುಕಿಸಿದ, ಗಾಳಿಯಾಡದ ಮೂಲೆಯಲ್ಲಿ ಬೆವರು ಹನಿಯಾಗಿ ಬೀಳುತ್ತದೆಯೇ ಹೊರತು ಆವಿಯಾಗುವುದಿಲ್ಲ. ಹಾಳೆಯಲ್ಲಿ ಸುತ್ತಿದ ಮಾಂಸದ ಸ್ಥಿತಿಯೇ ಅದು. ಹೋಲಿಕೆ ಕಠೋರವೆನಿಸಬಹುದು, ಆದರೆ ಪ್ರಕೃತಿಗೆ ನಿಯಮ ಒಂದೇ. ಅದಕ್ಕೇ ಗಣಿಗಳಲ್ಲಿ ಸಾಮಾನ್ಯ ಉಷ್ಣತಾಮಾಪಕಕ್ಕಿಂತ ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕದ ಸೂಚನೆಗೆ ಹೆಚ್ಚು ಬೆಲೆ. ಅದು 35° ಸೆ. ಮೀರಿದರೆ, ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನ ದೇಹವೂ ತಣಿಯಲಾರದು. ದುಡಿಯುವವರಿಗೆ ಈ ಮಿತಿ ಇನ್ನೂ ಬಹಳ ಕೆಳಗೆ. ಭೂಮಿ ಬಿಸಿಯಾಗುತ್ತಿರುವ ಇಂದು ಹವಾಮಾನ ವಿಜ್ಞಾನಿಗಳು ಕರಾವಳಿಯ ಮತ್ತು ಬಯಲಿನ ಊರುಗಳಿಗೆ ಇದೇ ಅಳತೆಯನ್ನು ಬಳಸುತ್ತಿದ್ದಾರೆ.

ಕೊನೆಯ ಐದು ನಿಮಿಷ

ಒಲೆಗೆ ಹಿಂತಿರುಗೋಣ. ಒಳಭಾಗ 90° ಸೆ. ತಲುಪಿದೆ. ಈಗ ಹೊರಮೈಗೆ ಬಣ್ಣ, ಪರಿಮಳ ಬರಬೇಕು. ಇದನ್ನು ಕೊಡುವುದು ಅಮೈನೋ ಆಮ್ಲಗಳು ಮತ್ತು ಸಕ್ಕರೆಗಳ ನಡುವಿನ ಕ್ರಿಯೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಾಮಿಯ್ ಮೈಯಾರ್ ಇದನ್ನು ವಿವರಿಸಿದ. ಸುಮಾರು 140° ಸೆ. ದಾಟಿದ ಮೇಲೆ ಇದು ವೇಗವಾಗಿ ನಡೆಯುತ್ತದೆ. ಮೇಲ್ಮೈಯಲ್ಲಿ ನೀರಿರುವವರೆಗೂ ಉಷ್ಣತೆ ಕುದಿಬಿಂದುವನ್ನು ದಾಟದು. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಕೆ.ಜಿ.ಎಫ್.ನಲ್ಲಿ ಅದು 97° ಸೆ. ಮಾತ್ರ.

ಕಿಂಡಿಗಳನ್ನು ಪೂರ್ತಿ ತೆರೆದು ಕೆಂಡವನ್ನು ಒಟ್ಟುಮಾಡಿ. 800° ಸೆ.ನ ಕೆಂಡ, ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮದಂತೆ, ಚದರ ಮೀಟರಿಗೆ ಸುಮಾರು 75 ಕಿಲೋವ್ಯಾಟ್ ವಿಕಿರಣ ಸೂಸುತ್ತದೆ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಕಿಲೋವ್ಯಾಟ್ ಎಂಬುದನ್ನು ನೆನೆಯಿರಿ. ಅದರಲ್ಲಿ ಅರ್ಧದಷ್ಟು, 35 ಕಿಲೋವ್ಯಾಟ್, ಮಾಂಸಕ್ಕೆ ತಗುಲಿದರೂ ಸಾಕು. ಹಸಿ ಮಾಂಸವಾಗಿದ್ದರೆ ಒಂದು ಮಿ.ಮೀ. ತೇವದ ಪದರ ಆವಿಯಾಗಲೇ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ನಮ್ಮ ರೋಸ್ಟಿನ ಹೊರಮೈ ಗಂಟೆಗಟ್ಟಲೆ ಒಣಗಿರುವುದರಿಂದ ಪ್ರತಿ ಬದಿಗೆ ಒಂದು ನಿಮಿಷದಲ್ಲಿಯೇ ಕಂದು ಬಣ್ಣ ಬರುತ್ತದೆ. ಆ ನಿಮಿಷದಲ್ಲಿ ಉಷ್ಣ ಒಳಗೆ ಹೋಗುವುದು 3 ಮಿ.ಮೀ. ಮಾತ್ರ, ಒಳಗಿನ ಹದ ಕೆಡದು. ಮೊದಲು ಮಂದ, ಆಮೇಲೆ ಪ್ರಖರ ಎಂಬ ಕ್ರಮದ ಲಾಭ ಇದು.

‘ಮೊದಲೇ ಸುಟ್ಟರೆ ರಂಧ್ರ ಮುಚ್ಚಿ ರಸ ಒಳಗೇ ಉಳಿಯುತ್ತದೆ’ ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. 19ನೇ ಶತಮಾನದಲ್ಲಿ ಜರ್ಮನಿಯ ಪ್ರಸಿದ್ಧ ರಸಾಯನ ವಿಜ್ಞಾನಿ ಲೀಬಿಗ್ ಈ ವಿಚಾರಕ್ಕೆ ಪ್ರಚಾರ ಕೊಟ್ಟ. ಸುಟ್ಟ ಪದರ ನೀರನ್ನು ತಡೆಯುವುದಿಲ್ಲ. ಸುಟ್ಟ ಮಾಂಸ ಹಂಚಿನ ಮೇಲೆ ಚುಂಯ್‌ಗುಡುತ್ತಲೇ ಇರುವುದು ರಸ ಹೊರಬರುತ್ತಿರುವುದಕ್ಕೆ ಸಾಕ್ಷಿ. ಸುಡುವುದು ರುಚಿಗಾಗಿ, ರಸಕ್ಕಾಗಿ ಅಲ್ಲ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಉರಿಯೇಳದಂತೆ ನೋಡಿಕೊಳ್ಳಬೇಕು. ಆ ಹೊಗೆಯಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೊಪೈರೀನ್‌ನಂಥ ವಸ್ತುಗಳಿರುತ್ತವೆ. ಇಂಥ ಊಟ ಹಬ್ಬಕ್ಕೆ ಸರಿ, ನಿತ್ಯಕ್ಕಲ್ಲ.

ಒಂದು ಮುಖ್ಯ ಎಚ್ಚರಿಕೆ

ಕೆಲಸ ಮುಗಿದ ಮೇಲೆ ಉಳಿದ ಕೆಂಡ ನಂದಿದಂತೆ ಕಂಡರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಾಂಸದ ಮಯೋಗ್ಲೋಬಿನ್‌ಗೆ ಅಂಟಿ ಗುಲಾಬಿ ಪಟ್ಟಿ ಮೂಡಿಸಿದ ಈ ಅನಿಲ ನಮ್ಮ ರಕ್ತದ ಹೀಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಕೋಲಾರ ಸೀಮೆಯ ಡಿಸೆಂಬರ್ ಚಳಿಯಲ್ಲಿ ಇದ್ದಿಲ ಒಲೆಯನ್ನು ಬೆಚ್ಚಗಿರಲೆಂದು ಕೋಣೆಯೊಳಗೆ ತಂದು ಬಾಗಿಲು ಹಾಕಿ ಮಲಗುವುದು ಪ್ರಾಣಾಪಾಯ. ಒಲೆ ಯಾವಾಗಲೂ ಬಯಲಿನಲ್ಲಿರಲಿ. ಇದನ್ನು ವಿದ್ಯಾರ್ಥಿಗಳ ಮೂಲಕ ಮನೆಮನೆಗೆ ತಲುಪಿಸಿ.

ತರಗತಿಯಲ್ಲಿ ಮಾಡಿ ನೋಡಿ

ಈ ಎರಡು ನಿಯಮಗಳನ್ನು ಪರೀಕ್ಷಿಸಲು ಮಾಂಸವೇ ಬೇಕಿಲ್ಲ. ಮೊದಲನೆಯದಕ್ಕೆ ಆಲೂಗಡ್ಡೆ ಸಾಕು. ಸುಮಾರು 4 ಸೆಂ.ಮೀ. ಮತ್ತು 8 ಸೆಂ.ಮೀ. ವ್ಯಾಸದ ಎರಡು ಗುಂಡನೆಯ ಆಲೂಗಡ್ಡೆಗಳನ್ನು ಆರಿಸಿ. ಎರಡರ ನಡುವಿಗೂ ಪ್ರಯೋಗಾಲಯದ ಉಷ್ಣತಾಮಾಪಕದ ಗುಂಡು ತಲುಪುವಂತೆ ತೂತು ಮಾಡಿ ಚುಚ್ಚಿ, ಕುದಿಯುವ ನೀರಿನಲ್ಲಿ ಮುಳುಗಿಸಿ. ನಡುವಿನ ಉಷ್ಣತೆ 25°ಯಿಂದ 70° ಸೆ.ಗೆ ಏರಲು ಚಿಕ್ಕದಕ್ಕೆ ಸುಮಾರು 8 ನಿಮಿಷ, ದೊಡ್ಡದಕ್ಕೆ ಸುಮಾರು 32 ನಿಮಿಷ ಬೇಕು ಎನ್ನುತ್ತದೆ ಸಿದ್ಧಾಂತ. ತೂಕ ಎಂಟು ಪಟ್ಟು, ಕಾಲ ನಾಲ್ಕೇ ಪಟ್ಟು. ಏಕೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ.

ಎರಡನೆಯದಕ್ಕೆ ಎರಡು ಉಷ್ಣತಾಮಾಪಕಗಳು. ಒಂದರ ಗುಂಡಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಎರಡನ್ನೂ ಫ್ಯಾನಿನ ಗಾಳಿಗೆ ಹಿಡಿಯಿರಿ. ಒದ್ದೆಯದು ಎಷ್ಟು ಡಿಗ್ರಿ ಕೆಳಗಿಳಿದು ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಒದ್ದೆ ಗುಂಡಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ ಮತ್ತೆ ಓದಿ. ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಈ ಪ್ರಯೋಗ ಮಾಡಿ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಿರಿ. ನಿಮ್ಮ ಊರಿನಲ್ಲಿ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವವರಿಗೆ ಯಾವ ತಿಂಗಳು ಹೆಚ್ಚು ಕಷ್ಟ ಎಂಬುದನ್ನು ಆ ಅಂಕಿಗಳಿಂದಲೇ ವಿದ್ಯಾರ್ಥಿಗಳು ಹೇಳಬಲ್ಲರು.